ನಾಣ್ಯ ಸಂಗ್ರಹ ಶುರು ಮಾಡುವುದು ಹೇಗೆ? ಯಾವ ನಾಣ್ಯವನ್ನು ಗ್ರೇಡಿಂಗ್‌ಗೆ ಕಳಿಸಬೇಕು?

ನಾಣ್ಯ ಕೂಡಿಡಲು ಶುರು ಮಾಡಿದ ಹೊಸತರಲ್ಲಿ ಎರಡು ಆತುರ ಹುಟ್ಟುತ್ತವೆ. ಒಂದು, ಮಾಸಿದ ನಾಣ್ಯವನ್ನು ತಿಕ್ಕಿ ಫಳಫಳ ಅನಿಸಬೇಕು ಅನ್ನುವುದು. ಇನ್ನೊಂದು, ಹಳೆಯದೊಂದು ಸಿಕ್ಕ ಕೂಡಲೇ ಗ್ರೇಡಿಂಗ್ ಕಂಪನಿಗೆ, ಅಂದರೆ ನಾಣ್ಯದ ಸ್ಥಿತಿ ನೋಡಿ ಗ್ರೇಡ್ ಕೊಡುವವರಿಗೆ, ಕಳಿಸಿ, ನಂಬರ್ ಹಾಕಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಬೇಕು ಅನ್ನುವುದು. ಮೊದಲನೆಯದು ನಾಣ್ಯವನ್ನು ಹಾಳು ಮಾಡುತ್ತದೆ, ಎರಡನೆಯದು ದುಡ್ಡನ್ನು. ಎರಡಕ್ಕೂ ಮದ್ದು ಒಂದೇ. ನಾಣ್ಯ ನೋಡುವ ಕಣ್ಣು ಬರಬೇಕು.

ಆ ಕಣ್ಣು ಬರಲು ನಾನು ಕಂಡ ಒಳ್ಳೆಯ ಸಾಧನ ಒಂದು ಸಾದಾ ನೋಟ್‌ಬುಕ್. ಪ್ರತಿ ನಾಣ್ಯಕ್ಕೂ ಅದರಲ್ಲಿ ಒಂದು ಪುಟ. ತೂಕ, ಅಳತೆ, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು ಬರೆಯಿರಿ. ಕೊನೆಗೆ, ಇದಕ್ಕೆ ಯಾವ ಗ್ರೇಡ್ ಬರಬಹುದು, ಯಾಕೆ ಅಂತ ಎರಡು ಸಾಲು. ಆ ಎರಡು ಸಾಲು ಧೈರ್ಯವಾಗಿ ಬರೆಯಲು ಆಗುವವರೆಗೆ ಯಾವ ನಾಣ್ಯವನ್ನೂ ಗ್ರೇಡಿಂಗ್‌ಗೆ ಕಳಿಸಬೇಡಿ. ಮುಂದೆ ಹೇಳುವುದೆಲ್ಲ ಆ ಎರಡು ಸಾಲು ಬರೆಯುವುದು ಹೇಗೆ ಅನ್ನುವುದಕ್ಕೇ.

ಮೊದಲ ಹೆಜ್ಜೆ: ಒಂದು ಎಲ್ಲೆ ಹಾಕಿಕೊಳ್ಳಿ

ಕಂಡದ್ದೆಲ್ಲ ಕೊಂಡರೆ ಡಬ್ಬಿ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಸಣ್ಣ ಗುರಿ ಇಟ್ಟುಕೊಳ್ಳಿ. ಒಂದು ದೇಶದ ಒಂದು ಮುಖಬೆಲೆಯ ನಾಣ್ಯ, ವರ್ಷಕ್ಕೊಂದರಂತೆ. ಅಥವಾ ಒಬ್ಬ ದೊರೆಯ ಕಾಲದ ನಾಣ್ಯಗಳು. ಅಥವಾ ಹಡಗು, ಹಕ್ಕಿ, ಮರ ಹೀಗೆ ಒಂದೇ ಚಿತ್ರ ಇರುವವು. ಯೂರೋ ನಾಣ್ಯಗಳು ಹೊಸಬರಿಗೆ ಹೇಳಿ ಮಾಡಿಸಿದಂತಿವೆ. 1 ಸೆಂಟ್‌ನಿಂದ 2 ಯೂರೋವರೆಗೆ ಎಂಟೇ ಮುಖಬೆಲೆ. ಒಂದು ಬದಿ ಎಲ್ಲ ದೇಶಕ್ಕೂ ಸಮಾನ, ಇನ್ನೊಂದು ಬದಿ ಆಯಾ ದೇಶದ್ದು. ಎಂಟು ನಾಣ್ಯಕ್ಕೆ ಒಂದು ದೇಶ ಮುಗಿಯುತ್ತದೆ. ಅಮೆರಿಕದಲ್ಲಿ 1999ರಿಂದ 2008ರವರೆಗೆ 50 ರಾಜ್ಯಗಳ ಹೆಸರಲ್ಲಿ ಒಂದೊಂದು ಕ್ವಾರ್ಟರ್, ಅಂದರೆ 25 ಸೆಂಟ್ ನಾಣ್ಯ, ಬಂತು. ಎಷ್ಟೋ ಜನ ಸಂಗ್ರಹ ಶುರು ಮಾಡಿದ್ದು ಆ ಸರಣಿಯಿಂದಲೇ.

ಚಲಾವಣೆಯಲ್ಲಿರುವ ಚಿಲ್ಲರೆಯಿಂದ ಶುರು ಮಾಡುವುದರಲ್ಲಿ ಕೀಳರಿಮೆ ಏನೂ ಬೇಡ. ಬ್ರಿಟನ್ನಿನ 2009ರ ಕ್ಯೂ ಗಾರ್ಡನ್ಸ್ 50 ಪೆನ್ಸ್ ನಾಣ್ಯ ಟಂಕಸಾಲೆಯಿಂದ ಚಲಾವಣೆಗೆ ಬಂದದ್ದು 2,10,000 ಮಾತ್ರ. ಸುಮ್ನೆ ಚಿಲ್ಲರೆ ಎಣಿಸುತ್ತಿದ್ದವರ ಕೈಗೇ ಅದು ಸಿಕ್ಕಿದೆ. ಚಿಲ್ಲರೆ ತಿರುವಿ ನೋಡುವ ಅಭ್ಯಾಸದಿಂದ ಮಿಂಟ್ ಮಾರ್ಕ್ (ಯಾವ ಟಂಕಸಾಲೆಯದು ಎಂದು ಹೇಳುವ ಗುರುತು), ಅಚ್ಚಿನ ತಪ್ಪು, ಸವೆತ ಎಲ್ಲವೂ ಬಿಟ್ಟಿಯಾಗಿ ಕಲಿಯಲು ಸಿಗುತ್ತವೆ.

ಎರಡನೇ ಹೆಜ್ಜೆ: ಸಾಮಾನು

ಜಾಸ್ತಿ ಏನೂ ಬೇಡ. 5ರಿಂದ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಭೂತಗನ್ನಡಿ. 0.01 ಗ್ರಾಂವರೆಗೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ. ವ್ಯಾಸ ಮತ್ತು ದಪ್ಪ ಅಳೆಯಲು ಕ್ಯಾಲಿಪರ್. ತುದಿ ಪ್ಲಾಸ್ಟಿಕ್‌ನದಾದರೆ ಗೀರು ಬೀಳುವ ಭಯ ಇಲ್ಲ. ಒಂದು ಚಿಕ್ಕ ಅಯಸ್ಕಾಂತ. ಒಂದೇ ದಿಕ್ಕಿನಿಂದ ಬೆಳಕು ಬೀರುವ ಟೇಬಲ್ ಲ್ಯಾಂಪ್. ಕೆಳಗೆ ಹಾಸಲು ಮೆತ್ತನೆಯ ಬಟ್ಟೆ. 20 ಪಟ್ಟು, 30 ಪಟ್ಟು ತೋರಿಸುವ ಗಾಜು ಗ್ರೇಡ್ ಕಲಿಯಲು ಬೇಡ. ಅದರಲ್ಲಿ ನೋಡಿದರೆ ಒಳ್ಳೆಯ ನಾಣ್ಯವೂ ಉಳುಮೆ ಮಾಡಿದ ಹೊಲದಂತೆ ಕಾಣುತ್ತದೆ.

ಮೂರನೇ ಹೆಜ್ಜೆ: ಹಿಡಿಯುವುದು, ಇಡುವುದು, ತೊಳೆಯದೇ ಇರುವುದು

ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ, ಹೆಬ್ಬೆರಳು ತೋರುಬೆರಳ ನಡುವೆ. ಬೆರಳಿನ ಜಿಡ್ಡು ಮೇಲ್ಮೈಗೆ ತಾಗಿದರೆ ತಾಮ್ರದ ಮೇಲೆ ಕೆಲವೇ ದಿನದಲ್ಲಿ ಗುರುತು ಮೂಡಬಹುದು. ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ. ಎಂಜಲಿನ ಒಂದು ಹನಿ ಸಿಡಿದರೂ ತಾಮ್ರದ ಮೇಲೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಆ ಚುಕ್ಕೆ ತೆಗೆಯಲು ಬರುವುದಿಲ್ಲ.

ಇನ್ನು ತೊಳೆಯುವ ವಿಚಾರ. ಇದನ್ನು ಬಿಡಿಸಿ ಹೇಳಬೇಕು. ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಹರಿದ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ಲ್ಯಾಂಪಿನ ಕೆಳಗೆ ಓರೆ ಮಾಡಿ ತಿರುಗಿಸಿದರೆ ಬೆಳಕು ಗಾಡಿ ಚಕ್ರದ ಅರಗಳ ಹಾಗೆ ಸುತ್ತುತ್ತದೆ. ಅದು ಆ ಗೆರೆಗಳ ಕೆಲಸ. ಇದನ್ನೇ ಲಸ್ಟರ್ ಅನ್ನುತ್ತಾರೆ. ತಿಕ್ಕಿದಾಗ ಈ ಗೆರೆಗಳೇ ಅಳಿಸಿಹೋಗುತ್ತವೆ. ನಾಣ್ಯ ಹೊಳೆಯುತ್ತದೆ ನಿಜ, ಆದರೆ ಆ ಹೊಳಪು ಸುತ್ತುವುದಿಲ್ಲ. ತೊಳೆದ ಪಾತ್ರೆಯ ಹಾಗೆ ಒಂದೇ ಸಮ ಇರುತ್ತದೆ. ಅಕ್ಕಪಕ್ಕ ಒಂದೇ ದಿಕ್ಕಿನ ನೂರಾರು ಕೂದಲೆಳೆ ಗೀರುಗಳೂ ಇರುತ್ತವೆ. ಅಳಿಸಿಹೋದ ಲಸ್ಟರ್ ಯಾವ ಉಪಾಯಕ್ಕೂ ವಾಪಸ್ ಬರುವುದಿಲ್ಲ.

ಶುರುವಿನಲ್ಲಿ ನಾನೂ ಒಂದು ಬೆಳ್ಳಿ ನಾಣ್ಯವನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ನೀಲಿ ಬೂದು ಬಣ್ಣದ ಪದರ ಹೋಗಿ ಬೆಳ್ಳಗಾಯಿತು. ಅದನ್ನು ನೋಡಿದ ಹಿರಿಯ ಸಂಗ್ರಾಹಕರೊಬ್ಬರು ಲ್ಯಾಂಪಿನ ಕೆಳಗೆ ಹಿಡಿದು, "ಇದರ ಚರ್ಮ ಹೋಗಿದೆ ನೋಡಿ" ಅಂದರು. ಆ ನಾಣ್ಯ ಇವತ್ತಿಗೂ ನನ್ನ ಬಳಿ ಇದೆ. ತೊಳೆದ ನಾಣ್ಯ ಹೇಗಿರುತ್ತದೆ ಎಂದು ತೋರಿಸಲು ಅದನ್ನೇ ತೆಗೆಯುತ್ತೇನೆ.

ಹಾಗಾದರೆ ಏನೂ ಮಾಡಲೇಬಾರದಾ? ಬಿಡಿ ಮಣ್ಣು ಇದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡಬಹುದು. ಉಜ್ಜಬಾರದು, ಒರೆಸಬಾರದು, ತಾನಾಗಿ ಒಣಗಲು ಬಿಡಬೇಕು. ಟೇಪಿನ ಅಂಟು ಅಥವಾ ಪ್ಲಾಸ್ಟಿಕ್‌ನ ಜಿಗುಟು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಲ್ಲಿ ನೆನೆಸುತ್ತಾರೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಎಣ್ಣೆ, ಸುವಾಸನೆ ಸೇರಿರುತ್ತದೆ. ಅಸಿಟೋನ್‌ಗೆ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ. ತಾಮ್ರದ ನಾಣ್ಯಕ್ಕೆ ಹೊಸಬರು ಇದನ್ನೂ ಮಾಡದಿರುವುದೇ ಒಳ್ಳೆಯದು.

ಇಡುವುದರಲ್ಲಿ ದೊಡ್ಡ ಶತ್ರು ಪಿವಿಸಿ. ಮೆತ್ತಗೆ ಬಾಗುವ, ಪ್ಲಾಸ್ಟಿಕ್ ವಾಸನೆ ಬರುವ ಅಗ್ಗದ ಪೌಚುಗಳಲ್ಲಿ ಇದೇ ಇರುತ್ತದೆ. ಕೆಲವು ವರ್ಷದಲ್ಲಿ ಅದು ನಾಣ್ಯದ ಮೇಲೆ ಹಸಿರು ಜಿಗುಟಾಗಿ ಕೂರುತ್ತದೆ, ಆಮೇಲೆ ಲೋಹವನ್ನೇ ತಿನ್ನುತ್ತದೆ. ಮೈಲಾರ್, ಪಾಲಿಪ್ರೊಪಿಲೀನ್ ಹಾಳೆಗಳು, ಗಟ್ಟಿ ಅಕ್ರಿಲಿಕ್ ಅಥವಾ ಪಾಲಿಸ್ಟೈರೀನ್ ಕ್ಯಾಪ್ಸೂಲ್‌ಗಳು ಸರಿ. ಪಿನ್ ಹೊಡೆಯುವ ರಟ್ಟಿನ ಹೋಲ್ಡರ್ ಆದರೆ, ನಾಣ್ಯ ತೆಗೆಯುವಾಗ ಮೊದಲು ಪಿನ್ ಪೂರ್ತಿ ಕೀಳಿ. ಪಿನ್ನಿನ ತುದಿಯಿಂದ ಗೀರಿದ ಒಳ್ಳೆಯ ನಾಣ್ಯಗಳನ್ನು ನೋಡಿ ತುಂಬಾ ಸಂಕಟಪಟ್ಟಿದ್ದೇನೆ. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಓಕ್‌ನಂಥ ಮರದ ಪೆಟ್ಟಿಗೆಯಿಂದ ಆಮ್ಲದ ಆವಿ ಹೊರಡುತ್ತದೆ. ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬದಲಿಸಿ.

ಹಳೆಯ ಕಂಚಿನ ನಾಣ್ಯದ ಮೇಲೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಸಾದಾ ಕಿಲುಬಲ್ಲ. ಅದನ್ನು ಕಂಚಿನ ರೋಗ ಅನ್ನುತ್ತಾರೆ. ಒಳಗೆ ಸೇರಿದ ಕ್ಲೋರೈಡ್ ತೇವದ ಜೊತೆ ಸೇರಿ ಲೋಹವನ್ನು ತಿನ್ನುತ್ತಿರುತ್ತದೆ. ಆ ನಾಣ್ಯವನ್ನು ಕೂಡಲೇ ಬೇರೆ ಇಡಿ.

ನಾಲ್ಕನೇ ಹೆಜ್ಜೆ: ಕೈಯಲ್ಲಿರುವುದು ಏನು?

ದೇಶ, ಮುಖಬೆಲೆ, ವರ್ಷ, ಮಿಂಟ್ ಮಾರ್ಕ್, ಲೋಹ. ಈ ಐದನ್ನು ಹಿಡಿದು ಕ್ಯಾಟಲಾಗಿನಲ್ಲಿ ಹುಡುಕಿ. ವಿಶ್ವ ನಾಣ್ಯಗಳಿಗೆ "ಕೆಎಂ" ಎಂದು ಶುರುವಾಗುವ ಸಂಖ್ಯೆ ಕಾಣುತ್ತೀರಿ. ಕ್ರೌಸ್ ಮತ್ತು ಮಿಶ್ಲರ್ ಎಂಬ ಇಬ್ಬರು ಕ್ಯಾಟಲಾಗು ತಯಾರಕರ ಹೆಸರಿನ ಮೊದಲ ಅಕ್ಷರಗಳು ಅವು. ಆ ಸಂಖ್ಯೆ ಗೊತ್ತಾದರೆ ಯಾವ ದೇಶದ ಮಾರಾಟಗಾರರ ಜೊತೆಗೂ ಗೊಂದಲವಿಲ್ಲದೆ ಮಾತಾಡಬಹುದು.

ನಾಣ್ಯದ ಮೇಲಿನ ವರ್ಷವನ್ನು ಕಣ್ಣುಮುಚ್ಚಿ ನಂಬಬೇಡಿ. ಆಸ್ಟ್ರಿಯದ ಮರಿಯಾ ತೆರೆಸಾ ಥಾಲರ್ ಎಂಬ ಬೆಳ್ಳಿ ನಾಣ್ಯದ ಮೇಲೆ 1780 ಎಂದಿರುತ್ತದೆ. ರಾಣಿ ತೀರಿಕೊಂಡದ್ದು ಆ ವರ್ಷ. ಆದರೆ ವ್ಯಾಪಾರಕ್ಕೆಂದು ಅದೇ ವರ್ಷ ಹಾಕಿ 19, 20ನೇ ಶತಮಾನದಲ್ಲೂ ಬೇರೆ ಬೇರೆ ಟಂಕಸಾಲೆಗಳಲ್ಲಿ ಅದನ್ನು ಅಚ್ಚು ಹಾಕಿದರು.

ಹಳೆಯದಾದರೆ ಬೆಲೆ ಜಾಸ್ತಿ ಅನ್ನುವುದೂ ನಿಜವಲ್ಲ. 4ನೇ ಶತಮಾನದ ರೋಮನ್ ಕಂಚಿನ ನಾಣ್ಯಗಳು ಲೆಕ್ಕವಿಲ್ಲದಷ್ಟು ಉಳಿದಿವೆ, ಸವೆದವು ತುಂಬಾ ಅಗ್ಗ. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ ಸರಣಿಯಲ್ಲೇ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ 1881ರದು ಹೊಸದರಂತೆ ಇರುವುದೇ ಬೇಕಾದಷ್ಟು ಸಿಗುತ್ತದೆ. ಅದೇ ಟಂಕಸಾಲೆಯ 1893ರದು ಅಚ್ಚಾದದ್ದೇ ಒಂದು ಲಕ್ಷ, ಸವೆದದ್ದಕ್ಕೂ ದೊಡ್ಡ ಬೆಲೆ. ಬೆಲೆ ಕಟ್ಟುವುದು ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ ಅನ್ನುವ ಮೂರರ ಮೇಲೆ.

ಐದನೇ ಹೆಜ್ಜೆ: ಗ್ರೇಡ್ ಓದಲು ಕಲಿಯಿರಿ

ಇವತ್ತು ಬಳಕೆಯಲ್ಲಿರುವ 1ರಿಂದ 70ರ ಅಳತೆ ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ್ದು. ತೀರಾ ಸವೆದ ನಾಣ್ಯಕ್ಕೆ ಒಂದು ಬೆಲೆಯಾದರೆ, ಕುಂದಿಲ್ಲದ್ದಕ್ಕೆ ಅದರ 70 ಪಟ್ಟು ಅನ್ನುವುದು ಅವರ ಲೆಕ್ಕವಾಗಿತ್ತು. ಆ ಬೆಲೆಯ ಲೆಕ್ಕ ಬೇಗನೆ ಮುರಿದುಬಿತ್ತು. ಸಂಖ್ಯೆಗಳು ಮಾತ್ರ ಉಳಿದುಕೊಂಡವು.

ಹೆಸರುಗಳಲ್ಲಿ ಒಂದು ಮೋಸ ಇದೆ. ಗುಡ್ ಅಂದರೆ ಒಳ್ಳೆಯದು ಅಂದುಕೊಳ್ಳಬೇಡಿ. ಗುಡ್-4 ಅಂದರೆ ಬಾಹ್ಯರೇಖೆ ಬಿಟ್ಟರೆ ಒಳಗಿನ ಚಿತ್ರ ಬಹುಪಾಲು ಸವೆದುಹೋದ ನಾಣ್ಯ. ಫೈನ್-12ರಲ್ಲಿ ದೊಡ್ಡ ವಿವರಗಳು ಕಾಣುತ್ತವೆ. ವೆರಿ ಫೈನ್ 20ರಿಂದ 35. ಎಕ್ಸ್‌ಟ್ರೀಮ್ಲಿ ಫೈನ್ 40 ಮತ್ತು 45. ಅಬೌಟ್ ಅನ್‌ಸರ್ಕ್ಯುಲೇಟೆಡ್, ಅಂದರೆ ಎಯು, 50ರಿಂದ 58. 60ರಿಂದ 70ರವರೆಗೆ ಮಿಂಟ್ ಸ್ಟೇಟ್, ಅಂದರೆ ಎಂಎಸ್. ಇವು ಚಲಾವಣೆಯಲ್ಲಿ ಸವೆಯದ ನಾಣ್ಯಗಳು. ಇನ್ನು ಪ್ರೂಫ್ ಅನ್ನುವುದು ಗ್ರೇಡೇ ಅಲ್ಲ. ಪಾಲಿಶ್ ಮಾಡಿದ ಅಚ್ಚಿನಿಂದ, ಒಂದಕ್ಕಿಂತ ಹೆಚ್ಚು ಸಲ ಬಡಿದು ತಯಾರಿಸುವ ವಿಧಾನ ಅದು.

ನೋಡುವ ಕ್ರಮ ಹೀಗಿರಲಿ. ಮೊದಲು ಬರಿಗಣ್ಣಿನಿಂದ, ಒಂದು ಮೊಳ ದೂರದಲ್ಲಿ ಹಿಡಿದು ನೋಡಿ. ಒಟ್ಟಾರೆ ಹೇಗೆ ಕಾಣುತ್ತದೆ? ಆಮೇಲೆ ಲ್ಯಾಂಪಿನ ಕೆಳಗೆ ಓರೆ ಮಾಡಿ ನಿಧಾನ ತಿರುಗಿಸಿ, ಲಸ್ಟರ್ ಸುತ್ತುತ್ತದಾ ನೋಡಿ. ಮೂರನೆಯದು ಎತ್ತರದ ಜಾಗಗಳು. ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು, ಹಕ್ಕಿಯ ಎದೆ. ಸವೆತ ಶುರುವಾಗುವುದು ಇಲ್ಲೇ. ಆ ಜಾಗ ಸುತ್ತಲಿನ ಬಣ್ಣಕ್ಕಿಂತ ಮಂಕಾಗಿ, ಬೂದು ಅಥವಾ ಕಂದಾಗಿ ಕಂಡರೆ ಸವೆತ ಇದೆ. ನಾಲ್ಕನೆಯದು ಬಯಲು, ಅಂದರೆ ಚಿತ್ರವಿಲ್ಲದ ಸಪಾಟು ಜಾಗ. ಗೀರು, ಇತರ ನಾಣ್ಯ ತಾಗಿದ ಕಚ್ಚು, ತೊಳೆದ ಗುರುತು ಇಲ್ಲಿ ಸಿಗುತ್ತವೆ. ಕೊನೆಗೆ ಅಂಚು. ಅಂಚು ನೋಡದೆ ಬಿಡುವವರೇ ಜಾಸ್ತಿ, ಆದರೆ ಆಭರಣಕ್ಕೆ ಕೊಂಡಿ ಹಾಕಿ ತೆಗೆದದ್ದು, ಅರದಿಂದ ಉಜ್ಜಿದ್ದು, ಎರಕದ ಗೆರೆ ಎಲ್ಲ ಕಾಣುವುದು ಅಲ್ಲೇ.

ಹೊಸಬರನ್ನು ತುಂಬಾ ಗೊಂದಲಕ್ಕೆ ಹಾಕುವುದು ದುರ್ಬಲ ಬಡಿತ. ಅಚ್ಚು ಸರಿಯಾಗಿ ಒತ್ತದೆ ಹೋದರೆ ಹೊಸ ನಾಣ್ಯದಲ್ಲೂ ನಡುವಿನ ಕೂದಲ ಎಳೆಗಳು ಮೂಡಿರುವುದಿಲ್ಲ. ನೋಡಿದರೆ ಸವೆದಂತೆಯೇ ಅನಿಸುತ್ತದೆ. ಆ ಸಪಾಟು ಜಾಗದ ಮೇಲೆ ಲಸ್ಟರ್ ಹಾದುಹೋಗುತ್ತದಾ ಪರೀಕ್ಷಿಸಿ. ಹಾದುಹೋದರೆ ಅದು ಬಡಿತದ ಕೊರತೆ. ಅಲ್ಲಿಗೆ ಬಂದು ಬೆಳಕು ತುಂಡಾದರೆ ಸವೆತ. ಈ ಒಂದು ವ್ಯತ್ಯಾಸ ಕೈಗೆ ಬಂದ ದಿನ ನಿಮ್ಮ ಗ್ರೇಡಿಂಗ್ ಒಂದು ಮೆಟ್ಟಿಲು ಮೇಲೇರಿತು ಅಂತಲೇ ತಿಳಿಯಿರಿ.

ನನಗೆ ವೈಯಕ್ತಿಕವಾಗಿ ಎಯು-58 ತುಂಬಾ ಇಷ್ಟ. ಎತ್ತರದ ಜಾಗದಲ್ಲಿ ಮಾತ್ರ ಒಂದಿಷ್ಟು ಸವೆತ, ಉಳಿದಂತೆ ಲಸ್ಟರ್ ತುಂಬಿಕೊಂಡಿರುತ್ತದೆ. ಎಂಎಸ್-60 ಅಂದರೆ ಸವೆದಿಲ್ಲ, ಆದರೆ ಚೀಲದಲ್ಲಿ ಒಂದಕ್ಕೊಂದು ಬಡಿದು ಮೈಯೆಲ್ಲ ಗಾಯ. ಸಂಖ್ಯೆ ಕಡಿಮೆಯಿದ್ದರೂ ಕಣ್ಣಿಗೆ ಹಿತವಾಗಿರುವುದು ಎಷ್ಟೋ ಸಲ 58 ಇರುವುದೇ, ಬೆಲೆಯೂ ಸಾಧಾರಣವಾಗಿ ಕೈಗೆಟಕುತ್ತದೆ.

ತಾಮ್ರದ ನಾಣ್ಯಕ್ಕೆ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಟಂಕಸಾಲೆಯ ಕೆಂಪು ಉಳಿದಿದ್ದರೆ ರೆಡ್, ಅರ್ಧಂಬರ್ಧ ಇದ್ದರೆ ರೆಡ್-ಬ್ರೌನ್, ಪೂರ್ತಿ ಹೋಗಿದ್ದರೆ ಬ್ರೌನ್. ಗ್ರೇಡ್ ಒಂದೇ ಆದರೂ ಬೆಲೆ ಬೇರೆ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ದೊಡ್ಡ ಹರಾಜು ಸಂಸ್ಥೆಗಳ ಹಳೆಯ ಮಾರಾಟದ ಚಿತ್ರಗಳನ್ನು ಗ್ರೇಡ್ ಮುಚ್ಚಿಕೊಂಡು ನೋಡಿ, ನಿಮ್ಮ ಅಂದಾಜು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ತೆರೆದು ನೋಡಿ. ಒಂದೇ ಸರಣಿಯ ನೂರು ನಾಣ್ಯಕ್ಕೆ ಹೀಗೆ ಮಾಡಿ. ಚಿತ್ರದಲ್ಲಿ ಲಸ್ಟರ್ ಸುತ್ತುವುದಿಲ್ಲ, ಹಾಗಾಗಿ ಇದು ಅರ್ಧ ಪಾಠ. ಉಳಿದರ್ಧಕ್ಕೆ ನಾಣ್ಯ ಮೇಳಗಳಿಗೆ ಹೋಗಿ ಅಸಲಿ ನಾಣ್ಯ ಕೈಯಲ್ಲಿ ಹಿಡಿದು ನೋಡಬೇಕು.

ಆರನೇ ಹೆಜ್ಜೆ: ಖೋಟಾ ಹಿಡಿಯುವುದು

ಮೊದಲು ತೂಕ, ವ್ಯಾಸ. ಮಾರ್ಗನ್ ಡಾಲರ್ 26.73 ಗ್ರಾಂ, 38.1 ಮಿ.ಮೀ. ಬ್ರಿಟಿಷ್ ಸಾವರಿನ್ ಎಂಬ ಚಿನ್ನದ ನಾಣ್ಯ 22 ಕ್ಯಾರೆಟ್, 7.98 ಗ್ರಾಂ, ಸುಮಾರು 22 ಮಿ.ಮೀ. ಸವೆತದಿಂದ ತೂಕ ಸ್ವಲ್ಪ ಇಳಿಯಬಹುದು, ಏರಲು ಕಾರಣವಿಲ್ಲ. ಹೊಸದರಂತೆ ಕಾಣುವ ನಾಣ್ಯ ಒಂದು ಗ್ರಾಂ ಕಡಿಮೆ ತೂಗಿದರೆ ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಸಾಂದ್ರತೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸಿದ ಸಂಖ್ಯೆಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. ಶುದ್ಧ ಬೆಳ್ಳಿಗೆ 10.5 ಹತ್ತಿರ, 90 ಭಾಗ ಬೆಳ್ಳಿಯಾದರೆ 10.3 ಹತ್ತಿರ, ಶುದ್ಧ ಚಿನ್ನಕ್ಕೆ 19.3 ಬರುತ್ತದೆ. ಒಂದು ಎಚ್ಚರಿಕೆ. ಟಂಗ್‌ಸ್ಟನ್ ಸಾಂದ್ರತೆಯೂ ಚಿನ್ನದಷ್ಟೇ ಇದೆ. ದೊಡ್ಡ ಚಿನ್ನದ ನಾಣ್ಯಕ್ಕೆ ಇದೊಂದೇ ಪರೀಕ್ಷೆ ಸಾಲದು.

ಎರಕ ಹೊಯ್ದ ಖೋಟಾದಲ್ಲಿ ಮೇಲ್ಮೈ ಮೇಲೆ ಗುಳ್ಳೆ, ಸಣ್ಣ ಕುಳಿ, ಮೊಂಡು ಅಕ್ಷರ, ಅಂಚಿನಲ್ಲಿ ಜೋಡಣೆಯ ಗೆರೆ ಕಾಣುತ್ತವೆ. ಅಸಲಿ ನಾಣ್ಯವನ್ನೇ ತಿದ್ದಿದ್ದು ಇದಕ್ಕಿಂತ ಅಪಾಯ. ಅಮೆರಿಕದ ಡೆನ್ವರ್ ಟಂಕಸಾಲೆಯ 1944ರ ಸೆಂಟ್‌ನಲ್ಲಿ ಮೊದಲ 4ನ್ನು ಕೆತ್ತಿ 1 ಮಾಡಿ, ಅಪರೂಪದ 1914 ಎಂದು ಮಾರುತ್ತಾರೆ. ಇಲ್ಲಿ ತೂಕ, ಲೋಹ ಎಲ್ಲ ಸರಿಯಾಗಿಯೇ ಇರುತ್ತದೆ. ಲೂಪ್ ಹಿಡಿದು ಅಂಕಿಯ ಸುತ್ತಲಿನ ಬಯಲು ನೋಡಿದರೆ ಗೊತ್ತಾಗುತ್ತದೆ.

ಅಯಸ್ಕಾಂತದ ಕತೆ ಇನ್ನೂ ಚೆನ್ನಾಗಿದೆ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಯಿತೆಂದು ಅಮೆರಿಕ ಆ ವರ್ಷದ ಸೆಂಟ್‌ಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿತು. ತಪ್ಪಿ ಕೆಲವು ಕಂಚಿನ ಬಿಲ್ಲೆಗಳ ಮೇಲೂ ಅಚ್ಚಾದವು. ಅವು ಬಹಳ ಅಪರೂಪ. ಆದ್ದರಿಂದ ಉಕ್ಕಿನ ಸೆಂಟ್‌ಗೆ ತಾಮ್ರ ಲೇಪಿಸಿ ಮೋಸ ಮಾಡುವವರು ಹುಟ್ಟಿಕೊಂಡರು. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಲೇಪ ಹಾಕಿದ್ದು.

ಏಳನೇ ಹೆಜ್ಜೆ: ಕೊಳ್ಳುವುದು

ಕ್ಯಾಟಲಾಗಿನ ಬೆಲೆ ನೋಡಿ ಕೊಳ್ಳಬೇಡಿ, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ವಾಪಸ್ ತೆಗೆದುಕೊಳ್ಳುವ ಮಾರಾಟಗಾರರನ್ನೇ ಆರಿಸಿ. ಪ್ರಾಚೀನ ನಾಣ್ಯವಾದರೆ ಎಲ್ಲಿಂದ ಬಂತು ಅನ್ನುವ ಕಾಗದ ಕೇಳಿ ಇಟ್ಟುಕೊಳ್ಳಿ. ಪುರಾತನ ವಸ್ತುಗಳ ಸಾಗಣೆಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು ಇದೆ. ಹತ್ತು ಸಾಧಾರಣ ನಾಣ್ಯದ ದುಡ್ಡಲ್ಲಿ ಒಂದು ಚೆನ್ನಾಗಿರುವುದನ್ನು ಕೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಎಂಟನೇ ಹೆಜ್ಜೆ: ಗ್ರೇಡಿಂಗ್ ಕಂಪನಿ ಏನು ಮಾಡುತ್ತದೆ

1980ರ ದಶಕದವರೆಗೂ ಮಾರುವವರು ಹೇಳಿದ್ದೇ ಗ್ರೇಡ್ ಎನ್ನುವ ಸ್ಥಿತಿ ಇತ್ತು. ಮಾರುವಾಗ 65, ಅದೇ ನಾಣ್ಯ ವಾಪಸ್ ಕೊಳ್ಳುವಾಗ 63. ಈ ಜಗಳಕ್ಕೆ ಪರಿಹಾರವಾಗಿ ಬೆಳೆದದ್ದು ಮೂರನೆಯವರ ಗ್ರೇಡಿಂಗ್. ಪಿಸಿಜಿಎಸ್ ಎಂಬ ಕಂಪನಿ 1986ರಲ್ಲಿ, ಎನ್‌ಜಿಸಿ ಎಂಬ ಕಂಪನಿ 1987ರಲ್ಲಿ ಕೆಲಸ ಶುರು ಮಾಡಿದವು. ನಾಣ್ಯ ಅಸಲಿಯೇ ಎಂದು ನೋಡುತ್ತಾರೆ. ಒಬ್ಬರಿಗಿಂತ ಹೆಚ್ಚು ಗ್ರೇಡರ್‌ಗಳು ಬೇರೆ ಬೇರೆಯಾಗಿ ಗ್ರೇಡ್ ಹೇಳುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿ ಸಂಖ್ಯೆ ಹಾಕುತ್ತಾರೆ. ಈ ಡಬ್ಬಿಗೇ ಸ್ಲ್ಯಾಬ್ ಎಂದು ಹೆಸರು.

ತೊಳೆದ, ಗೀರಿದ, ತಿದ್ದಿದ ನಾಣ್ಯಕ್ಕೆ ಸಾಮಾನ್ಯವಾಗಿ ನೇರ ಸಂಖ್ಯೆ ಸಿಗುವುದಿಲ್ಲ. "ಡೀಟೇಲ್ಸ್" ಎಂದು ಬರೆದು, ಪಕ್ಕದಲ್ಲಿ "ಕ್ಲೀನ್ಡ್" ಎಂಬಂತೆ ಕಾರಣ ಹಾಕುತ್ತಾರೆ. ಖರೀದಿದಾರರು ಅದನ್ನು ಕಂಡರೆ ಹಿಂದೆ ಸರಿಯುತ್ತಾರೆ. ಪ್ರಾಚೀನ ನಾಣ್ಯಗಳ ರೀತಿ ಬೇರೆ. ಎನ್‌ಜಿಸಿ ಅವುಗಳಿಗೆ ಗ್ರೇಡಿನ ಜೊತೆ ಬಡಿತಕ್ಕೆ ಐದರಲ್ಲಿ ಇಷ್ಟು, ಮೇಲ್ಮೈಗೆ ಐದರಲ್ಲಿ ಇಷ್ಟು ಎಂದು ಅಂಕ ಕೊಡುತ್ತದೆ. ನೆಲದಿಂದ ತೆಗೆದ ನಾಣ್ಯ ಅಂದಮೇಲೆ ಒಂದಲ್ಲ ಒಂದು ರೀತಿ ತೊಳೆದೇ ಇರುತ್ತಾರೆ, ಅಲ್ವಾ?

ಗ್ರೇಡ್ ಅನ್ನುವುದು ಪಳಗಿದ ಕಣ್ಣಿನ ಅಭಿಪ್ರಾಯ, ತಕ್ಕಡಿಯ ತೂಕದ ಹಾಗಲ್ಲ. ಒಂದೇ ನಾಣ್ಯ ಎರಡನೇ ಸಲ ಕಳಿಸಿದಾಗ ಒಂದು ಸಂಖ್ಯೆ ಮೇಲೆ ಕೆಳಗೆ ಆಗುವುದುಂಟು. ಹೆಚ್ಚಿನ ಗ್ರೇಡ್ ಆಸೆಗೆ ಸ್ಲ್ಯಾಬ್ ಒಡೆದು ಮತ್ತೆ ಕಳಿಸುವವರಿದ್ದಾರೆ. ಅದರಿಂದ, ಇಂಥ ಗ್ರೇಡಿನಲ್ಲಿ ಇಷ್ಟು ನಾಣ್ಯ ಇವೆ ಎಂದು ಕಂಪನಿಗಳು ಪ್ರಕಟಿಸುವ ಪಟ್ಟಿಯಲ್ಲಿ ಒಂದೇ ನಾಣ್ಯ ಎರಡು ಮೂರು ಸಲ ಎಣಿಕೆಯಾಗಿರಬಹುದು. ಪಟ್ಟಿ ಉಪಯುಕ್ತ, ಆದರೆ ಈ ಮಾತು ನೆನಪಿಟ್ಟುಕೊಂಡು ಓದಿ.

ಒಂಬತ್ತನೇ ಹೆಜ್ಜೆ: ಕಳಿಸಬೇಕಾ, ಬೇಡವಾ? ಲೆಕ್ಕ ಹಾಕಿ

ಖರ್ಚು ಅಂದರೆ ಬರೀ ಗ್ರೇಡಿಂಗ್ ಶುಲ್ಕ ಅಲ್ಲ. ಸದಸ್ಯತ್ವ, ಪ್ರತಿ ಅರ್ಜಿಯ ನಿರ್ವಹಣಾ ಶುಲ್ಕ, ಹೋಗುವ ಬರುವ ಅಂಚೆ, ವಿಮೆ, ಗಡಿ ದಾಟುವುದಿದ್ದರೆ ಸುಂಕದ ಕಾಗದಪತ್ರ. ಎಲ್ಲವನ್ನೂ ಕೂಡಿಸಿ, ನಾಣ್ಯಗಳ ಸಂಖ್ಯೆಯಿಂದ ಭಾಗಿಸಿ.

ಈಗ ಒಂದು ಕಲ್ಪನೆಯ ಲೆಕ್ಕ. ನಿಮ್ಮ ನಾಣ್ಯ ಇದ್ದ ಹಾಗೆ 100ಕ್ಕೆ ಮಾರುತ್ತದೆ ಅಂದುಕೊಳ್ಳಿ. ಒಟ್ಟು ಖರ್ಚು 45. ನಿಮ್ಮ ನೋಟ್‌ಬುಕ್ಕಿನ ಅನುಭವದ ಪ್ರಕಾರ ಇಂಥ ಹತ್ತು ನಾಣ್ಯ ಕಳಿಸಿದರೆ ಒಂದು ಡೀಟೇಲ್ಸ್ ಆಗಿ 60ರ ಬೆಲೆಗೆ ಇಳಿಯುತ್ತದೆ. ನಾಲ್ಕು ಎಯು-58 ಆಗಿ 110, ನಾಲ್ಕು ಎಂಎಸ್-62 ಆಗಿ 150, ಒಂದು ಎಂಎಸ್-63 ಆಗಿ 240. ಕೂಡಿಸಿದರೆ 1,340, ಅಂದರೆ ತಲಾ 134. ಖರ್ಚು ಕಳೆದರೆ 89. ಕಳಿಸದೆ ಇದ್ದಿದ್ದರೆ 100! ಹತ್ತರಲ್ಲಿ ಒಂಬತ್ತಕ್ಕೆ ಒಳ್ಳೆಯ ಗ್ರೇಡ್ ಬಂದರೂ ನಷ್ಟ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಇದೇ ಅನುಪಾತದಲ್ಲಿ ನಾಣ್ಯದ ಬೆಲೆ 1,000 ಆಗಿದ್ದರೆ ತಲಾ 1,340 ಬರುತ್ತದೆ. ಬೆಲೆ ಜಾಸ್ತಿಯಾದಂತೆ ಶುಲ್ಕವೂ ಏರುತ್ತದೆ, 80 ಅಂದುಕೊಳ್ಳೋಣ. ಆದರೂ 1,260 ಉಳಿಯಿತು. ಆ ಹತ್ತು ನಾಣ್ಯದ ಗುಣ ಎರಡು ಸಲವೂ ಒಂದೇ. ಬದಲಾದದ್ದು ನಾಣ್ಯದ ಬೆಲೆ ಮತ್ತು ಖರ್ಚಿನ ನಡುವಿನ ಅಂತರ.

ಹಾಗಾಗಿ ಕಳಿಸಲು ನಾನು ಒಪ್ಪುವ ಸಂದರ್ಭ ಮೂರು. ಖೋಟಾಗಳಿಗೆ ಕುಖ್ಯಾತವಾದ ನಾಣ್ಯ, ಉದಾಹರಣೆಗೆ ಮೇಲೆ ಹೇಳಿದ 1893ರ ಮಾರ್ಗನ್ ಡಾಲರ್. ಇಲ್ಲಿ ಗ್ರೇಡಿಗಿಂತ ಅಸಲಿ ಅನ್ನುವ ಮುದ್ರೆಗೇ ಬೆಲೆ. ಎರಡನೆಯದು, ಒಂದು ಗ್ರೇಡಿನಿಂದ ಮುಂದಿನದಕ್ಕೆ ಬೆಲೆ ದಿಢೀರನೆ ಜಿಗಿಯುವ ನಾಣ್ಯ. ಆದರೆ ಕೆಳಗಿನ ಗ್ರೇಡ್ ಬಂದರೂ ಖರ್ಚು ಹುಟ್ಟುವಂತಿರಬೇಕು. ಮೂರನೆಯದು, ದೂರದ ಖರೀದಿದಾರರಿಗೆ ಮಾರಬೇಕಾದದ್ದು, ಅಥವಾ ನಾಣ್ಯದ ಗಂಧ ಗೊತ್ತಿಲ್ಲದ ಮನೆಯವರಿಗೆ ಬಿಟ್ಟುಹೋಗಬೇಕಾದ ದುಬಾರಿ ನಾಣ್ಯ. ಅವರನ್ನು ಯಾರೂ ಮೋಸ ಮಾಡದಿರಲಿ ಅನ್ನುವ ಕಾಳಜಿಗೆ ಖರ್ಚು ಮಾಡುವುದು ತಪ್ಪಲ್ಲ.

ಸಾಮಾನ್ಯ ನಾಣ್ಯ, ತೊಳೆದ ನಾಣ್ಯ, ಬೆಲೆ ಪೂರ್ತಿ ಲೋಹದ ತೂಕದ ಮೇಲೆ ನಿಂತಿರುವ ಬುಲಿಯನ್ ನಾಣ್ಯ, ಅಜ್ಜನ ನೆನಪಿಗೆ ಇಟ್ಟುಕೊಂಡದ್ದು, ಇವು ಯಾವುದನ್ನೂ ಕಳಿಸಬೇಡಿ. ಹೊಸ ನಾಣ್ಯಗಳಿಗೆ 70 ಬರಲಿ ಎಂದು ಕಟ್ಟುಗಟ್ಟಲೆ ಕಳಿಸುವುದನ್ನೂ ನಾನು ಹೊಸಬರಿಗೆ ಹೇಳುವುದಿಲ್ಲ. 69 ಬಂದರೆ ಅನೇಕ ಸಲ ಹಾಕಿದ ಖರ್ಚೂ ಹುಟ್ಟುವುದಿಲ್ಲ. ಅಂಥ ನಾಣ್ಯ ಬೇಕೇಬೇಕು ಅನಿಸಿದರೆ ಬೇರೆಯವರು ಗ್ರೇಡ್ ಮಾಡಿಸಿದ್ದನ್ನೇ ಕೊಳ್ಳುವುದು ಅಗ್ಗ.

ಹತ್ತನೇ ಹೆಜ್ಜೆ: ಕಳಿಸುವಾಗ, ವಾಪಸ್ ಬಂದಾಗ

ಎರಡೂ ಬದಿ ಮತ್ತು ಅಂಚಿನ ಫೋಟೋ ತೆಗೆದಿಡಿ. ತೂಕ ಬರೆಯಿರಿ. ನೋಟ್‌ಬುಕ್ಕಿನ ಆ ಎರಡು ಸಾಲು ಬರೆಯಿರಿ. "ಎಯು-55. ಕೆನ್ನೆ ಮತ್ತು ಕಿವಿ ಮೇಲೆ ಸವೆತ, ಬಯಲಲ್ಲಿ ಲಸ್ಟರ್ ಮುಕ್ಕಾಲು, ಎಡ ಬಯಲಲ್ಲಿ ಒಂದು ಕಚ್ಚು", ಹೀಗೆ. ನಾಣ್ಯವನ್ನು ಪಿವಿಸಿ ಇಲ್ಲದ ಫ್ಲಿಪ್‌ನಲ್ಲಿ, ಅಂದರೆ ಪುಟ್ಟ ಪ್ಲಾಸ್ಟಿಕ್ ಪೌಚಿನಲ್ಲಿ, ಹಾಕಿ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಅರ್ಜಿಯಲ್ಲಿ ಬೆಲೆಯನ್ನು ನಿಜವಾಗಿ ಬರೆಯಿರಿ, ಕಳೆದುಹೋದರೆ ವಿಮೆ ನಿಲ್ಲುವುದು ಅದರ ಮೇಲೆ. ಅಚ್ಚಿನ ತಪ್ಪು ಅಥವಾ ವಿಶೇಷ ಮಾದರಿ ಇದ್ದರೆ ಅದನ್ನು ಗುರುತಿಸಿ ಎಂದು ಬೇರೆಯಾಗಿ ಕೇಳಬೇಕಾಗುತ್ತದೆ, ಅದಕ್ಕೆ ಬೇರೆ ಶುಲ್ಕ ಇರಬಹುದು. ಹೊರಗೆ "ನಾಣ್ಯ" ಅನ್ನುವ ಮಾತೇ ಕಾಣದಿರಲಿ.

ವಾಪಸ್ ಬಂದ ಮೇಲೆ ಸ್ಲ್ಯಾಬ್ ಮೇಲಿನ ಪ್ರಮಾಣಪತ್ರ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ನಕಲಿ ಸ್ಲ್ಯಾಬ್‌ಗಳೂ ಇವೆ, ಆದ್ದರಿಂದ ಬೇರೆಯವರಿಂದ ಕೊಳ್ಳುವಾಗಲೂ ಇದೇ ಅಭ್ಯಾಸ ಇರಲಿ. ಸಂಖ್ಯೆ ಸರಿಯಿದ್ದರೆ ಸಾಲದು. ಅಲ್ಲಿ ಫೋಟೋ ಇದ್ದರೆ, ಕೈಯಲ್ಲಿರುವ ನಾಣ್ಯದ ಗೀರುಗಳು ಅದಕ್ಕೆ ಹೊಂದುತ್ತವಾ ನೋಡಿ.

ಆಮೇಲೆ ನೋಟ್‌ಬುಕ್ ತೆರೆಯಿರಿ. ನೀವು 55 ಬರೆದಿದ್ದೀರಿ, ಬಂದದ್ದು 50. ಬೇಸರ ಮಾಡಿಕೊಳ್ಳದೆ ಲ್ಯಾಂಪಿನ ಕೆಳಗೆ ಮತ್ತೆ ಕೂತು, ಅವರು ಏನು ನೋಡಿದರು ಎಂದು ಹುಡುಕಿ. ಸಿಕ್ಕಿದ್ದನ್ನು ಅದೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಕೊಟ್ಟ ಶುಲ್ಕಕ್ಕೆ ಒಂದು ಪಾಠವೂ ಸೇರಿ ಬಂದಂತಾಯಿತು.

ಇನ್ನೊಂದು ಮಾತು. ಸ್ಲ್ಯಾಬ್ ಗಾಳಿಯಾಡದ ಪೆಟ್ಟಿಗೆ ಅಲ್ಲ. ಅದರೊಳಗೂ ಬೆಳ್ಳಿ ಬಣ್ಣ ತಿರುಗುತ್ತದೆ, ತಾಮ್ರಕ್ಕೆ ಚುಕ್ಕೆ ಬರುತ್ತದೆ. ಬಿಡಿ ನಾಣ್ಯಗಳ ಹಾಗೆಯೇ ಅದನ್ನೂ ಒಣ ಜಾಗದಲ್ಲಿ, ಸಿಲಿಕಾ ಜೆಲ್ ಜೊತೆಗೇ ಇಡಿ.